ಸೊಪ್ಪಿನ ಹಟ್ಟಿಗೆ ಬಂದ ಕುದುರೆ

ಉಡುಪಿ ಸಮೀಪದ ಹಳ್ಳಿಯೊಂದರಲ್ಲಿ ಅಡಿಕೆ ತೋಟ, ನಾಲ್ಕು ಜೇನುಪೆಟ್ಟಿಗೆ ಮತ್ತು ಬಿಡಲಾಗದ ತಾಳಮದ್ದಳೆಯ ಹುಚ್ಚು ಇವುಗಳ ನಡುವೆ ಉಳಿದ ಹೊತ್ತಿನಲ್ಲಿ ಬರೆಯುವವನು ನಾನು. ವಿಜಯನಗರದ ಕಾಲದಲ್ಲಿ ಅರಬ್ ನಾಡಿನಿಂದ ಹಡಗೇರಿ ಭಟ್ಕಳ ಬಂದರಿಗೆ ಬಂದು, ಅಲ್ಲಿಂದ ಘಟ್ಟ ಹತ್ತುತ್ತಿದ್ದ ಕುದುರೆಗಳ ಕುರಿತು ಕಥೆ ಬರೆಯಹೊರಟಾಗ, ನಮ್ಮ ತುಳುನಾಡಿನ ದೈವಸ್ಥಾನವಾದ ಗರಡಿಯಲ್ಲಿ ಬೆರ್ಮೆರ್ ಎಂಬ ದೈವ ಏರಿ ಕುಳಿತ ಕುದುರೆಯ ಮೂರ್ತಿಯನ್ನು ಬಿಟ್ಟರೆ ಕುದುರೆಯನ್ನು ನಾನು ಸರಿಯಾಗಿ ನೋಡಿಯೇ ಇಲ್ಲವೆಂಬುದು ಮನವರಿಕೆಯಾಯಿತು. ಕಡಲತೀರದಲ್ಲಿ ಮಕ್ಕಳನ್ನು ಕೂರಿಸಿ ದಣಿದಿದ್ದ ಹೆಣ್ಣು ಕುದುರೆಯೊಂದು, ಮಳೆಗಾಲಕ್ಕೆ ಸವಾರಿ ನಿಂತದ್ದರಿಂದ ಮಾರಾಟಕ್ಕಿತ್ತು. ಜೂನ್ ಮೊದಲ ವಾರ ಅದನ್ನು ಮನೆಗೆ ತಂದೆ. ಮನೆಯವರು ಏನೆಂದರು ಎಂಬುದನ್ನು ಬರೆಯದಿರುವುದೇ ಲೇಸು.

ದನ ಸಾಕಿದವನಿಗೆ ಕುದುರೆ ಕಷ್ಟವೇ ಎಂದುಕೊಂಡು ಸೊಪ್ಪು ಹಾಸಿದ ದನದ ಹಟ್ಟಿಯಲ್ಲೇ ಅದನ್ನೂ ಕಟ್ಟಿದೆ. ಸೊಪ್ಪು, ಸೆಗಣಿ, ಗಂಜಲ ಒಟ್ಟಾಗಿ ಕೊಳೆತರೆ ಅಡಿಕೆಗೆ ಒಳ್ಳೆಯ ಗೊಬ್ಬರ. ಕುದುರೆಯ ಗೊರಸಿಗೆ ಅದೇ ಕೇಡು. ಜುಲೈಯ ಒಂದು ಬೆಳಿಗ್ಗೆ ಕಾಲೆತ್ತಿ ನೋಡಿದರೆ, ಗೊರಸಿನ ಅಡಿಯಲ್ಲಿ ತ್ರಿಕೋನದಂತಿರುವ ಮೆತ್ತನೆಯ ಭಾಗದ ಎರಡೂ ಬದಿಯ ಸೀಳುಗಳಲ್ಲಿ ಕಪ್ಪು ಲೋಳೆ, ಮೂಗು ಮುಚ್ಚಿದರೂ ಬಿಡದ ನಾತ. “ಮಾರಾಯ್ರೇ, ಇದು ಎಮ್ಮೆಯಲ್ಲ, ಇದಕ್ಕೆ ಒಣಗಿದ ನೆಲ ಬೇಕು” ಎಂದರು ಪಶುವೈದ್ಯರು. ಸೀಳುಗಳನ್ನು ದಿನವೂ ಕೆರೆದು, ತೊಳೆದು, ಒರೆಸಿ, ಅವರು ಹೇಳಿದ ಅಳತೆಯಲ್ಲಿ ತೆಳುವಾಗಿ ಕರಗಿಸಿದ ಮೈಲುತುತ್ತಿನ (ತಾಮ್ರದ ಸಲ್ಫೇಟ್) ನೀರಿನಲ್ಲಿ ಹತ್ತಿ ಅದ್ದಿ ತುಂಬಿದೆ. ಅಡಿಕೆಯ ಕೊಳೆರೋಗಕ್ಕೆಂದು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣದ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಮಾಡಿ ವರ್ಷವೂ ತೋಟಕ್ಕೆ ಹೊಡೆಸುವ ನನಗೆ, ಅದೇ ನೀಲಿ ಹರಳು ಗೊರಸಿಗೂ ಮದ್ದಾದದ್ದರಿಂದ ಸ್ವಲ್ಪ ಧೈರ್ಯ ಬಂತು. ಹಟ್ಟಿಯ ಒಂದು ಮೂಲೆಗೆ ಮುರಕಲ್ಲು ಹಾಸಿ ನೆಲ ಎತ್ತರಿಸಿ, ಮೇಲೆ ಒಣ ಬೈಹುಲ್ಲು ಹರಡಿದೆ.

ಕುದುರೆಯ ಕಣ್ಣು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದಕ್ಕೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಕಾಣದಿರುವುದು ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ. ದನದ ಬೆನ್ನು ತಟ್ಟುವಂತೆ ಹಿಂದಿನಿಂದ ಹೋಗಿ ತೊಡೆಗೆ ಒದೆ ತಿಂದ ಮೇಲೆ, ಮಾತನಾಡಿಸುತ್ತ ಭುಜದ ಪಕ್ಕದಿಂದಲೇ ಹೋಗುವುದು ರೂಢಿಯಾಯಿತು. ಆಗ ಅದರ ಒಂದು ಕಿವಿ ನನ್ನತ್ತ ತಿರುಗಿರುತ್ತಿತ್ತು, ಇನ್ನೊಂದು ತೋಟದಾಚೆಯ ಯಾವುದೋ ಸದ್ದಿನತ್ತ.

ಕುದುರೆ ನಿಂತೇ ತೂಕಡಿಸಬಲ್ಲದಾದರೂ ಗಾಢ ನಿದ್ರೆಗೆ ಮಲಗಲೇಬೇಕು. ಭಯವಿದ್ದಲ್ಲಿ ಮಾತ್ರ ಮಲಗುವುದಿಲ್ಲ. ಬಂದು ಎರಡು ತಿಂಗಳಾದರೂ ಇದರ ಪಕ್ಕೆಗೆ ಬೈಹುಲ್ಲು ಅಂಟಿದ್ದನ್ನು ನಾನು ಕಂಡಿರಲಿಲ್ಲ. ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಒಮ್ಮೆ ತಾಳಮದ್ದಳೆ ಮುಗಿಸಿ ಬೆಳಗಿನ ಜಾವ ಬಂದು ಹಟ್ಟಿಗೆ ಟಾರ್ಚ್ ಬಿಟ್ಟರೆ, ಕಾಲು ಚಾಚಿ, ಕುತ್ತಿಗೆಯನ್ನು ನೆಲಕ್ಕೆ ಚೆಲ್ಲಿ ಮಲಗಿತ್ತು. ಟಾರ್ಚ್ ಆರಿಸಿ ಒಳಗೆ ಹೋದೆ. ಕಥೆಯಲ್ಲಿ, ಹಡಗಿನ ಕುದುರೆಗಳು ರಾತ್ರಿಯೆಲ್ಲ ಹಾಯಾಗಿ ಮಲಗಿದ್ದವು ಎಂದು ಬರೆದಿದ್ದ ಸಾಲನ್ನು ಅಂದೇ ಹೊಡೆದುಹಾಕಿದೆ.