ಭೂಕಂಪಮಾಪಕ ಕೂರಿಸಿದ್ದಾಯ್ತು, ಆಮೇಲೆ?

"ಭೂಕಂಪವೇ ಆಗದ ಊರಲ್ಲಿ ಇದೇನಕ್ಕೆ ಸಾರ್?" ಚಿತ್ರದುರ್ಗದ ಕಡೆ ಯಾವ ಹಳ್ಳಿಗೆ ಹೋದರೂ ಮೊದಲು ಇದನ್ನೇ ಕೇಳುತ್ತಾರೆ. ನಮಗೆ ಬೇಕಿರುವುದು ಇಂಡೋನೇಷ್ಯಾ, ಜಪಾನ್ ಕಡೆಯ ದೊಡ್ಡ ಕಂಪನಗಳು. ಅವುಗಳ ಅಲೆ ಆಳದಿಂದ ಮೇಲೆ ಬರುವಾಗ ಭೂಕವಚದ ತಳದಲ್ಲಿ ಒಂದು ಭಾಗ ನಿಧಾನದ ಅಲೆಯಾಗಿ ಬದಲಾಗುತ್ತದೆ, ಕೆಲವು ಸೆಕೆಂಡು ತಡವಾಗಿ ಬರುತ್ತದೆ. ಆ ತಡದಿಂದ ಭೂಕವಚದ ದಪ್ಪ ಲೆಕ್ಕ ಹಾಕುತ್ತೇವೆ. ಧಾರವಾಡ ಕ್ರೇಟಾನ್ ಅಂದರೆ ನಮ್ಮ ಕಾಲಡಿಯ ಬಹಳ ಹಳೆಯ, ಗಟ್ಟಿ ಭೂಖಂಡದ ತುಂಡು. ಅದರ ಪೂರ್ವ ಭಾಗದಲ್ಲಿ ಈ ದಪ್ಪ ಸುಮಾರು 35 ಕಿ.ಮೀ., ಪಶ್ಚಿಮದಲ್ಲಿ ಕೆಲವೆಡೆ 50ರ ಹತ್ತಿರ.

ಜಾಗ ಹುಡುಕುವುದೇ ಅರ್ಧ ಕೆಲಸ. ಗಟ್ಟಿ ಬಂಡೆ ಬೇಕು. ರಸ್ತೆ, ಕ್ವಾರಿ ದೂರ ಇರಬೇಕು. ದೊಡ್ಡ ಮರವೂ ಬೇಡ, ಗಾಳಿ ಬೀಸಿದರೆ ಬೇರು ನೆಲವನ್ನೇ ಅಲ್ಲಾಡಿಸುತ್ತದೆ. ಎಲ್ಲಕ್ಕಿಂತ ಜಾಸ್ತಿ ಕಾಟ ಪಂಪ್‌ಸೆಟ್‌ನದ್ದು. ತ್ರೀ ಫೇಸ್ ಕರೆಂಟ್ ಬಂತೆಂದರೆ ನಮ್ಮ ದಾಖಲೆ ನೋಡಿಯೇ ಹೇಳಬಹುದು! ಲೈನ್‌ಮನ್ ಹತ್ತಿರ ಸಪ್ಲೈ ವೇಳೆ ಕೇಳಿ ಬರೆದಿಟ್ಟುಕೊಳ್ಳುತ್ತೇನೆ. ಬಂಡೆಯ ಮೇಲೆ, ಗೋಡೆಗೆ ತಾಗದಂತೆ, ಒಂದು ಸಿಮೆಂಟ್ ಕಟ್ಟೆ. ಉತ್ತರ ದಿಕ್ಕು ಹೊಂದಿಸಿ ಯಂತ್ರ ಕೂರಿಸಿ, ಸುತ್ತ ಥರ್ಮೋಕೋಲ್ ಮುಚ್ಚುತ್ತೇವೆ. ಒಳಗಿನ ಬಿಸಿ ಏರಿಳಿದರೆ ನಿಧಾನದ ಅಲೆಗಳ ದಾಖಲೆ ಕೆಡುತ್ತದೆ. ಹೊರಗೆ ಸೋಲಾರ್ ಪ್ಯಾನೆಲ್, ಬ್ಯಾಟರಿ, ಸಮಯಕ್ಕೆ ಜಿಪಿಎಸ್.

ಇಷ್ಟಕ್ಕೆ ದುಡ್ಡು ಸಿಗುತ್ತದೆ. ಬ್ಯಾಟರಿ ಸಾಯುವ ಹೊತ್ತಿಗೆ ಪ್ರಾಜೆಕ್ಟ್ ಮುಗಿದಿರುತ್ತದೆ, ಅಲ್ವಾ? ಒಂದು ಹಳೇ ಕೇಂದ್ರದ ದತ್ತಾಂಶ ನನ್ನ ಕೈಗೆ ಬಂದಾಗ ಲಾಗ್ ಪುಸ್ತಕವೇ ಇರಲಿಲ್ಲ. ಸೆನ್ಸರ್ ಯಾವಾಗ ಬದಲಾಯಿತು, ಗೇನ್ (ಯಂತ್ರ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಎಷ್ಟು, ಏನೂ ಗೊತ್ತಿಲ್ಲ. ದೂರದ ಭೂಕಂಪಗಳ ಅಲೆ ಬಂದ ದಿಕ್ಕು ನೋಡಿ, ಯಂತ್ರದ 'ಉತ್ತರ' ಎತ್ತ ತಿರುಗಿತ್ತೆಂದು ಕಂಡುಕೊಂಡೆ. ಅಲೆಯ ಎತ್ತರ ಬೇಕಾದ ಲೆಕ್ಕಕ್ಕೆ ಮಾತ್ರ ಆ ದತ್ತಾಂಶ ಬಳಸುವ ಧೈರ್ಯ ಬರಲಿಲ್ಲ.

ಅಣು ಪರೀಕ್ಷೆಗಳನ್ನು ಪತ್ತೆ ಮಾಡಲೆಂದು 1960ರ ದಶಕದಲ್ಲಿ ಶುರುವಾದ ಗೌರಿಬಿದನೂರಿನ ಸೀಸ್ಮಿಕ್ ಅರೇ (ಒಟ್ಟಾಗಿ ಕೆಲಸ ಮಾಡುವ ಭೂಕಂಪಮಾಪಕಗಳ ಸಾಲು) ಇಷ್ಟು ಕಾಲ ನಡೆದಿರುವುದು ಸುಮ್ನೆ ಅಲ್ಲ. ಅಲ್ಲಿ ನೋಡಿಕೊಳ್ಳುವ ಜನ ಇದ್ದಾರೆ. ಈಗ ಎಲ್ಲರೂ ಫೈಬರ್ ಕೇಬಲ್ ಬಗ್ಗೆ ಮಾತಾಡುತ್ತಾರೆ. ಕೇಬಲ್‌ಗೆ ಲೇಸರ್ ಬೆಳಕು ಬಿಟ್ಟರೆ ಅದರ ಪ್ರತಿ ಕೆಲವು ಮೀಟರೂ ಒಂದು ಸೆನ್ಸರ್ ಆಗುತ್ತದೆ. ನನಗೂ ಆಸೆ ಇದೆ. ಆದರೆ ಒಂದೇ ದಿನಕ್ಕೆ ಟೆರಾಬೈಟ್‌ಗಟ್ಟಲೆ ಬರಬಹುದಾದ ದತ್ತಾಂಶವನ್ನು ಇಡುವುದೆಲ್ಲಿ? ಮೊದಲು ಎಲ್ಲರೂ ತೆರೆದು ನೋಡಬಹುದಾದ ಒಂದು ಉಗ್ರಾಣ ಆಗಲಿ.

ಈಗೀಗ ಪ್ರಸ್ತಾವನೆಯಲ್ಲಿ ಒಂದು ಯಂತ್ರ ಕಡಿಮೆ ಕೇಳುತ್ತೇನೆ. ಆ ದುಡ್ಡಲ್ಲಿ ಬ್ಯಾಟರಿ ಬದಲಿಸಬಹುದು, ಪ್ಯಾನೆಲ್ ಒರೆಸಿ ಲಾಗ್ ಬರೆಯಲು ಊರಿನವರೊಬ್ಬರಿಗೆ ತಿಂಗಳ ಸಂಬಳ ಕೊಡಬಹುದು. ಪರಿಶೀಲನಾ ಸಮಿತಿ ಮೊದಲು ಕತ್ತರಿಸುವುದೂ ಆ ಸಂಬಳವನ್ನೇ. ಮರು ವರ್ಷ ಮತ್ತೆ ಬರೆಯುತ್ತೇನೆ.