ಮಗುವಿನ ಎದುರು ಏನು ಮಾತಾಡುತ್ತೇವೆ?

ತೀರ್ಥಹಳ್ಳಿ ಕಡೆಯ ಶಾಲೆಗಳಲ್ಲಿ ಡಿಸ್ಲೆಕ್ಸಿಯಾ (ಅಕ್ಷರ ಓದುವುದು ಕಷ್ಟವಾಗುವ ಕಲಿಕಾ ನ್ಯೂನತೆ) ಇರುವ ಮಕ್ಕಳಿಗೆ ಓದು ಕಲಿಸುತ್ತೇನೆ. ಪಾಠ ಶುರು ಮಾಡೋಕೆ ಮೊದಲು ದೊಡ್ಡವರ ಮಾತು ಸರಿಪಡಿಸುವುದೇ ನನಗೆ ಜಾಸ್ತಿ ಕೆಲಸ.

"ಇವನ ತಲೆಗೆ ಏನೂ ಹತ್ತಲ್ಲ ಮೇಡಂ" ಅಂತ ಅಮ್ಮಂದಿರು ಮಗನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಹೇಳುತ್ತಾರೆ. ಮನೆಯಲ್ಲಿ ಏನು ಮಾಡ್ತಾನೆ ಅಂತ ಕೇಳುತ್ತೇನೆ. ಅಡಿಕೆ ಮೂಟೆಯ ತೂಕ, ಸುಲಿಯಲು ಬಂದವರ ಕೂಲಿ, ಎಲ್ಲ ಲೆಕ್ಕ ಬಾಯಲ್ಲೇ ಹೇಳ್ತಾನಂತೆ. "ಹಾಗಾದ್ರೆ ತಲೆಗೆ ಹತ್ತುತ್ತೆ ಅಲ್ವೇನಮ್ಮಾ, ಅಕ್ಷರ ಓದೋದು ಮಾತ್ರ ಕಷ್ಟ" ಅನ್ನುತ್ತೇನೆ, ಅವನಿಗೂ ಕೇಳಿಸುವ ಹಾಗೆ.

ವರದಿಯಲ್ಲಿ ದಡ್ಡ, ಸೋಮಾರಿ ಅಂತ ಬರೆಯುವುದಿಲ್ಲ. 'ಓದಲು ಬರುವುದಿಲ್ಲ' ಅಂತಲೂ ಇಲ್ಲ. ಕಂಡದ್ದನ್ನು ಬರೆಯುತ್ತೇನೆ: "ಬಿಡಿ ಅಕ್ಷರ ಗುರುತಿಸುತ್ತಾನೆ. 'ಪುಸ್ತಕ' ಬಂದರೆ ಒತ್ತು ಬಿಟ್ಟು 'ಪುಸಕ' ಅನ್ನುತ್ತಾನೆ. ಪ–ಷ, ಥ–ಧ ಅದಲುಬದಲಾಗುತ್ತವೆ. ಬೇರೆಯವರು ಓದಿ ಹೇಳಿದರೆ ಕಥೆ ಪೂರ್ತಿ ಹೇಳುತ್ತಾನೆ." ಮುಂದಿನ ವರ್ಷದ ಟೀಚರ್‌ಗೆ ಎಲ್ಲಿಂದ ಶುರು ಮಾಡಬೇಕು ಅಂತ ಇದರಿಂದ ಗೊತ್ತಾಗುತ್ತದೆ.

ಡಿಸ್ಲೆಕ್ಸಿಯಾ ಕಾಯಿಲೆ ಅಲ್ಲ, ಹಾಗಾಗಿ 'ಬಳಲುತ್ತಿದ್ದಾನೆ' ಅನ್ನುವುದೂ ಬೇಡ. ಅಕ್ಷರ ಮತ್ತು ಸದ್ದನ್ನು ಜೋಡಿಸುವಲ್ಲಿ ಕಷ್ಟ, ಅದು ವಂಶದಲ್ಲೂ ಬರುತ್ತದೆ, ಸರಿಯಾಗಿ ಕಲಿಸಿದರೆ ಓದು ಖಂಡಿತ ಸುಧಾರಿಸುತ್ತದೆ. ಇಷ್ಟು ಹೇಳಿದರೆ ಕೆಲವು ಅಪ್ಪಂದಿರು ಮೆಲ್ಲಗೆ "ನಂಗೂ ಹಿಂಗೇ ಆಗ್ತಿತ್ತು" ಅನ್ನುತ್ತಾರೆ. ಐನ್‌ಸ್ಟೀನ್‌ಗೂ ಇತ್ತಂತೆ ಅಂತ ಸಮಾಧಾನ ಹೇಳುವವರೂ ಇದ್ದಾರೆ. ಅದಕ್ಕೆ ಗಟ್ಟಿ ಆಧಾರ ಇಲ್ಲ, ನಾನು ಹೇಳುವುದಿಲ್ಲ.

ಹಾಗಂತ ಡಿಸ್ಲೆಕ್ಸಿಯಾ ಅನ್ನೋ ಹೆಸರನ್ನು ಮುಚ್ಚಿಡುವುದೂ ತಪ್ಪು. ಕಾರಣ ಗೊತ್ತಿಲ್ಲದ ಮಗು ತಾನೇ ದಡ್ಡ ಅಂದುಕೊಳ್ಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳೋಕೆ ಪ್ರಮಾಣಪತ್ರ ಬೇಕೇ ಬೇಕು. ಅರ್ಜಿಯ ಪದ ಅರ್ಜಿಯಲ್ಲಿರಲಿ, ಕ್ಲಾಸಿನಲ್ಲಿ ಅವನನ್ನು ಹೆಸರು ಹಿಡಿದೇ ಕರೆಯಬೇಕು.

ದೊಡ್ಡ ಮಕ್ಕಳಾದರೆ ಯಾರಿಗೆ ಹೇಳಲಿ, ಹೇಗೆ ಹೇಳಲಿ ಅಂತ ಅವರನ್ನೇ ಕೇಳುತ್ತೇನೆ. ಒಂಬತ್ತನೇ ಕ್ಲಾಸಿನ ಒಬ್ಬಳು "ಎಲ್ರ ಮುಂದೆ ಬೇಡ ಮೇಡಂ, ನಾನೇ ಹೇಳ್ತೀನಿ" ಅಂದಳು. ಹೊಸ ಮೇಷ್ಟ್ರು ಬಂದಾಗ ಸ್ಟಾಫ್ ರೂಮಿಗೆ ಅವಳೇ ಹೋದಳು. ತನಗೆ ಡಿಸ್ಲೆಕ್ಸಿಯಾ ಇದೆ, ಗಟ್ಟಿಯಾಗಿ ಓದಿಸುವುದಾದರೆ ಯಾವ ಪಾಠ ಅಂತ ಹಿಂದಿನ ದಿನವೇ ತಿಳಿಸಿ ಸರ್ ಎಂದು ಕೇಳಿ ಬಂದಳು.