ಮಳೆಗಾಲದ ಸೀನು: ಉಪ್ಪುನೀರು, ಅಣುತೈಲ, ಬೂಷ್ಟು

ಕಾಸರಗೋಡಿನ ಕಡೆ ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಗೆ ಗೋಡೆ, ಚಾಪೆ, ಕಪಾಟು ಎಲ್ಲ ಬೂಷ್ಟು. ಬೆಳಗ್ಗೆ ಎದ್ದ ಕೂಡಲೇ ಸಾಲುಸಾಲು ಸೀನು ಬಂದರೆ ಅದು ಅಲರ್ಜಿ ಇರಬಹುದು; ಮೊದಲು ಅನುಮಾನಿಸಬೇಕಾದ್ದು ತಲೆದಿಂಬಿನ ಬೂಷ್ಟು, ದೂಳನ್ನು, ತಣ್ಣೀರನ್ನಲ್ಲ. ದಿಂಬಿನ ಬಟ್ಟೆ, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ಒಣ ಅಡಕೆ ಸುಲಿಯುವಾಗ ಮಾಸ್ಕ್ ಇರಲಿ.

ಮೂಗು ತೊಳೆಯಲು ಅರ್ಧ ಲೀಟರ್ ನೀರಿಗೆ ಮುಕ್ಕಾಲು ಟೀ ಚಮಚ ಪುಡಿ ಉಪ್ಪು. ಬಾವಿಯದಾಗಲಿ, ಗುಡ್ಡ ಕೊರೆದು ನೀರು ತೆಗೆಯುವ ಸುರಂಗದ್ದಾಗಲಿ, ನೀರು ಚೆನ್ನಾಗಿ ಕುದಿದು ಉಗುರುಬೆಚ್ಚಗಾಗಿರಬೇಕು. ಹಸಿ ನೀರಿನ ಅಮೀಬಾ ಮೂಗಿನಿಂದ ಮಿದುಳಿಗೇರಿದರೆ ಜೀವಕ್ಕೇ ಅಪಾಯ. ಮೂಗು ಉರಿದರೆ ಉಪ್ಪಿನ ಅಳತೆ ತಪ್ಪಿದೆ ಎಂದರ್ಥ.

ತೊಳೆದು ಅರ್ಧ ಗಂಟೆಯ ನಂತರ ಅಣುತೈಲ. ಎಳ್ಳೆಣ್ಣೆ, ಆಡಿನ ಹಾಲು ಸೇರಿದ, ಮೂಗಿಗೆ ಬಿಡುವ ಆಯುರ್ವೇದ ತೈಲವಿದು. ಮಲಗಿ, ತಲೆ ತುಸು ಹಿಂದಕ್ಕೆ ಬಾಗಿಸಿ, ಹೊಳ್ಳೆಗೆ ಎರಡೇ ಹನಿ. ಜೋರಾಗಿ ಎಳೆಯಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿದೀತು. ಗಂಟಲಿಗೆ ಬಂದದ್ದನ್ನು ಉಗುಳಿ, ಬಿಸಿನೀರಲ್ಲಿ ಬಾಯಿ ಮುಕ್ಕಳಿಸಿ. ಜ್ವರ, ಹೊಸ ನೆಗಡಿ ಇದ್ದಾಗ, ಉಂಡ ಕೂಡಲೇ, ತಲೆಗೆ ಮಿಂದ ದಿನ ಬೇಡ. ಗರ್ಭಿಣಿಯರು, ಮಕ್ಕಳಿಗೆ ವೈದ್ಯರನ್ನು ಕೇಳದೆ ಹಾಕಬಾರದು.

ಅರಸಿನ, ಕಾಳುಮೆಣಸಿನ ಕಷಾಯ ಗಂಟಲಿಗೆ ಹಿತ, ಅಷ್ಟೇ. ಅಲರ್ಜಿ ಅದರಿಂದ ಹೋಗದು. ಉಬ್ಬಸವಿದ್ದವರು ಇನ್‌ಹೇಲರ್ ನಿಲ್ಲಿಸುವಂತಿಲ್ಲ.